ಬೇಡವೆನ್ನುವ ಹಕ್ಕು ಯಾರದು?

ಚಳಿ ಹಿಂದೆ ಸರಿಯುವ ಹೊತ್ತಿಗೆ ದರ್ಬೆಯ ತರಕಾರಿ ಅಂಗಡಿಗಳಲ್ಲಿ ಗುಳ್ಳ ಕಾಣಿಸಿಕೊಳ್ಳುತ್ತದೆ. ತಿಳಿಹಸಿರು ಮೈ, ಅದರ ಮೇಲೆ ಬಿಳಿ ಗೀರು, ತೊಟ್ಟಿನಲ್ಲಿ ಸಣ್ಣ ಮುಳ್ಳು. "ಇದು ಮಟ್ಟುವಿನದ್ದೇ ಅಲ್ವಾ?" ಎಂದು ಕೇಳಿದರೆ ಅಂಗಡಿಯವರು ಕಾಯಿಯನ್ನು ತಿರುಗಿಸಿ ಅಂಟಿಸಿದ ಚೀಟಿ ತೋರಿಸುತ್ತಾರೆ. "ಸ್ಟಿಕ್ಕರ್ ಉಂಟಲ್ಲ ಅಕ್ಕ, ಮತ್ತೆಂತ ಸಂಶಯ?" ಬೆಲೆ ಬೇರೆ ಬದನೆಗಿಂತ ಹೆಚ್ಚು. ಆದರೂ ಹುಳಿಗೆ ಅದೇ ಬೇಕು ಎನ್ನುವ ಮನೆಗಳು ನಮ್ಮಲ್ಲಿ ಇನ್ನೂ ಇವೆ.

ಆ ಚೀಟಿ ನೋಡಿದಾಗಲೆಲ್ಲ ನನಗೊಂದು ಪ್ರಶ್ನೆ ಏಳುತ್ತದೆ. ಕರ್ನಾಟಕದ ರೈತ ಚಳವಳಿಯ ಬಗ್ಗೆ ಸಂಶೋಧನೆ ಮಾಡುತ್ತಾ 2010ರ ಕಾಗದಪತ್ರಗಳನ್ನು ಓದುವಾಗ ಹುಟ್ಟಿದ ಪ್ರಶ್ನೆ ಅದು. ಕುಲಾಂತರಿ ಬದನೆಗೆ ಸಿದ್ಧಪಡಿಸುತ್ತಿದ್ದ ಸ್ಥಳೀಯ ತಳಿಗಳ ಪಟ್ಟಿಯಲ್ಲಿ 'ಉಡುಪಿ ಗುಳ್ಳ' ಎಂಬ ಹೆಸರೂ ಇತ್ತು. ಅದು ಗದ್ದೆಗೆ ಇಳಿಯಲಿಲ್ಲ. ಇಳಿಯಬಾರದೆಂದು ತೀರ್ಮಾನಿಸಿದ್ದು ಮಟ್ಟುವಿನ ರೈತರಲ್ಲ, ಉಡುಪಿ ಜಿಲ್ಲೆಯಲ್ಲ, ಕರ್ನಾಟಕ ಸರ್ಕಾರವೂ ಅಲ್ಲ. ದೆಹಲಿಯ ಒಬ್ಬ ಸಚಿವರು. ಅವರು ಆ ದಿನ ಬೇರೆ ಥರ ಯೋಚಿಸಿದ್ದರೆ ಏನಾಗುತ್ತಿತ್ತು? ಕುಲಾಂತರಿ ಬೆಳೆ ಒಳ್ಳೆಯದೋ ಕೆಟ್ಟದ್ದೋ ಎಂದು ನಾವು ಬೇಕಾದಷ್ಟು ಜಗಳವಾಡಿದ್ದೇವೆ. ಅದನ್ನು ತೀರ್ಮಾನಿಸಬೇಕಾದವರು ಯಾರು ಎಂಬ ಜಗಳ ಮಾತ್ರ ಬಾಕಿ ಉಳಿದಿದೆ.

ಮೊದಲು ಗುಳ್ಳದ ಕಥೆ. ಉಡುಪಿಯ ಕಟಪಾಡಿ ಹತ್ತಿರ, ಕಡಲ ಮಗ್ಗುಲಿಗಿರುವ ಊರು ಮಟ್ಟು. ಭತ್ತದ ಕೊಯ್ಲಾದ ಮೇಲೆ ಅಲ್ಲಿನ ಗದ್ದೆಗಳಲ್ಲಿ ಈ ಬದನೆ ಬೆಳೆಯುತ್ತಾರೆ. ಸೋದೆ ಮಠದ ವಾದಿರಾಜರು ಬೀಜ ಕೊಟ್ಟು ಬೆಳೆಸಲು ಹೇಳಿದರೆಂಬುದು ಐತಿಹ್ಯ. ಐತಿಹ್ಯ ಹೇಗೇ ಇರಲಿ, ಪರ್ಯಾಯದ ಹೊರೆಕಾಣಿಕೆಯಲ್ಲಿ ಮಟ್ಟುಗುಳ್ಳ ಕೃಷ್ಣಮಠಕ್ಕೆ ಹೋಗುವುದು ಇವತ್ತಿಗೂ ನಡೆದುಬಂದ ಕ್ರಮ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಅಂದರೆ ಈ ಕಾಯಿ ಈ ಊರಿನದು, ಬೇರೆ ಊರಿನ ಕಾಯಿಗೆ ಈ ಹೆಸರು ಹಚ್ಚುವಂತಿಲ್ಲ ಎಂದು ಕಾನೂನೇ ಒಪ್ಪಿಕೊಂಡಿತು.

ಅದಕ್ಕೂ ಆರು ವರ್ಷ ಮೊದಲು, 2005ರಲ್ಲಿ, ಧಾರವಾಡದ ಕೃಷಿ ವಿಶ್ವವಿದ್ಯಾನಿಲಯ ಮತ್ತು ಮಹಿಕೋ ಕಂಪನಿ ಕೈಜೋಡಿಸಿದ್ದವು. ಅಮೆರಿಕದ ನೆರವು ಸಂಸ್ಥೆಯ ಹಣ, ಕಾರ್ನೆಲ್ ವಿಶ್ವವಿದ್ಯಾನಿಲಯದ ಮುಂದಾಳತ್ವದಲ್ಲಿ ನಡೆಯುತ್ತಿದ್ದ ಯೋಜನೆ ಅದು. ಬದನೆಯ ಕುಡಿ ಮತ್ತು ಕಾಯಿ ಕೊರೆಯುವ ಹುಳುವನ್ನು ಕೊಲ್ಲುವ ವಿಷಾಂಶವನ್ನು ಗಿಡವೇ ತಯಾರಿಸಿಕೊಳ್ಳುವಂತೆ, ಮಣ್ಣಿನ ಬ್ಯಾಕ್ಟೀರಿಯಾ ಒಂದರ ಜೀನನ್ನು ಗಿಡಕ್ಕೆ ಸೇರಿಸುವುದು ಕೆಲಸ. ಮಾಳಾಪುರ, ಮಂಜರಿಗೋಟ, ಕುಡಚಿ, ಉಡುಪಿ ಗುಳ್ಳ ಮುಂತಾದ ತಳಿಗಳನ್ನು ಧಾರವಾಡದಲ್ಲಿ ಇದಕ್ಕೆ ಆರಿಸಿಕೊಂಡಿದ್ದರು. ವಿಜ್ಞಾನಿಗಳ ಉದ್ದೇಶ ಕೆಟ್ಟದೆಂದು ನಾನು ಹೇಳುವುದಿಲ್ಲ. ಬದನೆ ಬೆಳೆಯುವವರು ಹುಳುವಿಗೆ ಹೆದರಿ ಎಷ್ಟು ಸಲ ಔಷಧಿ ಹೊಡೆಯುತ್ತಾರೆ ಎಂಬುದು ತರಕಾರಿ ಬೆಳೆಯುವ ಎಲ್ಲರಿಗೂ ಗೊತ್ತು. ಕಂಪನಿಯ ಹೈಬ್ರಿಡ್ ಬೀಜದ ಹಾಗಲ್ಲದೆ ರೈತರು ಮರುವರ್ಷಕ್ಕೆ ಉಳಿಸಿಕೊಳ್ಳಬಹುದಾದ ಬೀಜವನ್ನೇ ಕೊಡಬೇಕೆಂದು ಸ್ಥಳೀಯ ತಳಿಗಳನ್ನು ಆರಿಸಿದ್ದೇವೆ ಎಂಬ ವಾದವೂ ಇತ್ತು.

ಆದರೆ ಯಾರನ್ನು ಕೇಳಿ ಆರಿಸಿದ್ದು? 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಇದಕ್ಕೆ ಉತ್ತರವಿದೆ. ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ರಚಿಸಬೇಕು. ಆ ಊರಿನ ಜೀವಸಂಪತ್ತಿನ ಬಳಕೆಯ ಬಗ್ಗೆ ತೀರ್ಮಾನ ಮಾಡುವಾಗ ರಾಷ್ಟ್ರೀಯ ಪ್ರಾಧಿಕಾರವೂ ರಾಜ್ಯದ ಮಂಡಳಿಯೂ ಆ ಸಮಿತಿಯನ್ನು ಕೇಳಬೇಕು. ಹಾಗೆ ನಡೆದಿಲ್ಲವೆಂದು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2010ರ ಫೆಬ್ರವರಿಯಲ್ಲಿ ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ದೂರು ಕೊಟ್ಟಿತು. 2012ರ ನವೆಂಬರಿನಲ್ಲಿ ಧಾರವಾಡದ ನ್ಯಾಯಾಲಯದಲ್ಲಿ ಪ್ರಕರಣ ದಾಖಲಾಯಿತು. ಊರಿನ ತಳಿಯನ್ನು ಊರಿನವರನ್ನು ಕೇಳದೆ ಬಳಸಿದ್ದು ಅಪರಾಧವಾಗಬಹುದೇ ಎಂಬ ಪ್ರಶ್ನೆ ಹೀಗೆ ಮೊದಲ ಸಲ ಕೋರ್ಟಿನ ಮೆಟ್ಟಿಲು ಹತ್ತಿತು.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಬದನೆಕಾಯಿಯಂಥ ಬದನೆಕಾಯಿಯ ವಿಚಾರ ದೆಹಲಿಗೆ ಹೋದದ್ದಾದರೂ ಹೇಗೆ? ನಮ್ಮ ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೃಷಿ ಇರುವುದು ರಾಜ್ಯ ಪಟ್ಟಿಯಲ್ಲಿ. ಅದರ 14ನೇ ನಮೂದು ಕೃಷಿ ಮಾತ್ರವಲ್ಲ, ಕೃಷಿ ಶಿಕ್ಷಣ, ಸಂಶೋಧನೆ, ಪೀಡೆಗಳಿಂದ ರಕ್ಷಣೆ, ಸಸ್ಯರೋಗ ತಡೆ ಎಲ್ಲವನ್ನೂ ರಾಜ್ಯಕ್ಕೇ ಕೊಟ್ಟಿದೆ. ಆದರೆ ಒಂದು ರಾಜ್ಯದ ರೋಗ, ಪೀಡೆ ಇನ್ನೊಂದು ರಾಜ್ಯಕ್ಕೆ ಹರಡದಂತೆ ತಡೆಯುವ ಕೆಲಸ ಸಮವರ್ತಿ ಪಟ್ಟಿಯ 29ನೇ ನಮೂದಿನಲ್ಲಿದೆ. ಅಂದರೆ ಅದು ಕೇಂದ್ರ, ರಾಜ್ಯ ಎರಡಕ್ಕೂ ಸೇರಿದ್ದು. ಸಂವಿಧಾನ ಬರೆದವರ ಲೆಕ್ಕ ಸರಳವಾಗಿತ್ತು. ಹೊಲದಲ್ಲಿ ಏನು ಬೆಳೆಯಬೇಕು ಎನ್ನುವುದು ಹತ್ತಿರದವರ ವಿಚಾರ. ಗಡಿ ದಾಟುವ ಅಪಾಯ ಎಲ್ಲರ ವಿಚಾರ.

ಈ ಲೆಕ್ಕ ಬದಲಾದದ್ದು ಭೋಪಾಲದ ದುರಂತದ ನಂತರ. 1986ರಲ್ಲಿ ಪರಿಸರ (ಸಂರಕ್ಷಣೆ) ಕಾಯ್ದೆ ಬಂತು. 1972ರ ಸ್ಟಾಕ್‌ಹೋಮ್ ಸಮ್ಮೇಳನದ ತೀರ್ಮಾನಗಳನ್ನು ಜಾರಿಗೆ ತರಲು ಎಂದು ಅದರ ಮುನ್ನುಡಿಯೇ ಹೇಳುತ್ತದೆ. ಅಂತಾರಾಷ್ಟ್ರೀಯ ಒಪ್ಪಂದವನ್ನು ಜಾರಿಗೊಳಿಸಲು ರಾಜ್ಯದ ವಿಷಯದಲ್ಲೂ ಕಾನೂನು ಮಾಡುವ ಅಧಿಕಾರ ಸಂವಿಧಾನದ 253ನೇ ವಿಧಿಯಿಂದ ಸಂಸತ್ತಿಗಿದೆ. ಆ ಕಾಯ್ದೆಯಡಿ 1989ರ ಡಿಸೆಂಬರಿನಲ್ಲಿ ತಳಿ ತಂತ್ರಜ್ಞಾನದ ನಿಯಮಗಳು ಹೊರಟವು. ಹೀಗೆ ಕುಲಾಂತರಿ ಬೀಜ ಕೃಷಿಯ ಬಾಗಿಲಿನಿಂದ ಬರಲಿಲ್ಲ. ಅಪಾಯಕಾರಿ ವಸ್ತುವಿನ ಬಾಗಿಲಿನಿಂದ ಬಂತು. ತೀರ್ಮಾನದ ಕೀಲಿಕೈ ಕೇಂದ್ರ ಪರಿಸರ ಸಚಿವಾಲಯದ ಒಂದು ಸಮಿತಿಗೆ ಸೇರಿತು. ಅದರ ಹೆಸರು ತಳಿ ತಂತ್ರಜ್ಞಾನ ಅನುಮೋದನಾ ಸಮಿತಿ.

ಆ ನಿಯಮಗಳಲ್ಲಿ ರಾಜ್ಯ ಮಟ್ಟದ ಸಮಿತಿಯೂ ಇದೆ, ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ಸಮಿತಿಯೂ ಇದೆ. ಕಾಗದದ ಮೇಲೆ ನೋಡಿದರೆ ದೆಹಲಿಯಿಂದ ಮಂಗಳೂರಿನವರೆಗೂ ಏಣಿ ಇಳಿಬಿಟ್ಟ ಹಾಗೆ ಕಾಣುತ್ತದೆ. ಆದರೆ ಕೆಳಗಿನ ಮೆಟ್ಟಿಲುಗಳಿಗೆ ಕೊಟ್ಟ ಕೆಲಸ ಕಾವಲು ಮಾತ್ರ: ನಿಯಮ ಪಾಲನೆಯಾಗುತ್ತಿದೆಯೇ ನೋಡುವುದು, ತಪ್ಪಿದರೆ ತನಿಖೆ ಮಾಡುವುದು. ಬೇಕೋ ಬೇಡವೋ ಎಂದು ಹೇಳುವ ಕೆಲಸ ಅವುಗಳದ್ದಲ್ಲ.

ಇದರ ಫಲ ಮೊದಲು ಕಂಡದ್ದು ರಾಯಚೂರಿನಲ್ಲಿ. 1998ರಲ್ಲಿ ದೇಶದ ಹಲವೆಡೆ ಬಿ.ಟಿ. ಹತ್ತಿಯ ಕ್ಷೇತ್ರ ಪ್ರಯೋಗ ನಡೆಯುತ್ತಿತ್ತು, ಕರ್ನಾಟಕದಲ್ಲೂ. ಎಲ್ಲಿ ಎಂದು ಜನರಿಗೆ ಗೊತ್ತಿರಲಿಲ್ಲ. ಪತ್ರಕರ್ತರು ಪಟ್ಟು ಹಿಡಿದ ಮೇಲೆ ರಾಜ್ಯದ ಕೃಷಿ ಸಚಿವರು ಸ್ಥಳಗಳ ಹೆಸರು ಹೇಳಿದರು. ಅದೇ ನವೆಂಬರ್ ಕೊನೆಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದಲ್ಲಿ ಕರ್ನಾಟಕ ರಾಜ್ಯ ರೈತ ಸಂಘದ ಕಾರ್ಯಕರ್ತರು ರಾಯಚೂರು ಜಿಲ್ಲೆಯ ಹೊಲಕ್ಕೆ ಹೋಗಿ ಹತ್ತಿ ಗಿಡಗಳನ್ನು ಕಿತ್ತು ಸುಟ್ಟರು. 1992ರ ಡಿಸೆಂಬರ್ 29ರಂದು ಬೆಂಗಳೂರಿನಲ್ಲಿ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರ ಸುಟ್ಟವರೂ ಇವರೇ. ಆದರೆ ಎರಡೂ ಬೆಂಕಿ ಒಂದೇ ಅಲ್ಲ. ಕಾರ್ಗಿಲ್‌ನ ಬೆಂಕಿ ಜಾಗತೀಕರಣದ ವಿರುದ್ಧ ಹೊತ್ತಿದ್ದು. ರಾಯಚೂರಿನ ಬೆಂಕಿಯಲ್ಲಿ ಇನ್ನೊಂದು ಮಾತೂ ಇತ್ತು: ನಮ್ಮ ಹೊಲದಲ್ಲಿ ಏನು ಬಿತ್ತಿದ್ದೀರಿ ಎಂದು ನಮಗೆ ಹೇಳಲಿಲ್ಲ. ಹೊಲದ ಮಾಲೀಕರಿಗೇ ಇದು ಎಂಥ ಬೀಜವೆಂದು ತಿಳಿಸಿರಲಿಲ್ಲವೆಂದು ರೈತ ಸಂಘ ಆರೋಪಿಸಿತ್ತು.

ಸುಡುವುದನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಬೇಡವೆನ್ನಲು ಕಾನೂನಿನಲ್ಲಿ ಜಾಗವೇ ಇಲ್ಲದ ಕಡೆ ಜನ ತಮ್ಮ ಮಾತಿಗೆ ಬೇರೆ ದಾರಿ ಹುಡುಕುತ್ತಾರೆ. ಮಜಾ ಏನೆಂದರೆ ಬೇಕು ಎನ್ನುವವರೂ ಅದನ್ನೇ ಮಾಡಿದರು. 2001ರಲ್ಲಿ ಗುಜರಾತಿನ ಸಾವಿರಾರು ಎಕರೆಗಳಲ್ಲಿ ಅನುಮತಿಯಿಲ್ಲದ ಬಿ.ಟಿ. ಹತ್ತಿ ಪತ್ತೆಯಾಯಿತು. 2002ರ ಮಾರ್ಚ್ 26ರಂದು ಬಿ.ಟಿ. ಹತ್ತಿಗೆ ಅಧಿಕೃತ ಒಪ್ಪಿಗೆ ಸಿಕ್ಕಿತು. ಒಪ್ಪಿಗೆ ಪಡೆದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮುಂದಿನ ಹತ್ತು ವರ್ಷದಲ್ಲಿ ದೇಶದ ಹತ್ತಿ ಹೊಲಗಳ ಸುಮಾರು ಶೇ. 90 ಭಾಗವನ್ನು ಅದೇ ಬೀಜ ಆಕ್ರಮಿಸಿತು. ಗಿಡ ಸುಟ್ಟ ರಾಯಚೂರಿನ ರೈತರೂ ಅದನ್ನೇ ಬಿತ್ತಿದರು. ಚಳವಳಿಯ ಇತಿಹಾಸ ಬರೆಯುವವರು ಈ ಅಧ್ಯಾಯವನ್ನು ಮುಜುಗರದಿಂದ ದಾಟಿಹೋಗುತ್ತಾರೆ. ದಾಟಬಾರದು. ರೈತರು ಯಾವಾಗಲೂ ಬೇಡವೆನ್ನುತ್ತಾರೆ ಎಂಬುದು ನಮ್ಮ ಕಲ್ಪನೆ. ಹತ್ತಿಯವರು ಮೊದಮೊದಲು ಔಷಧಿಯ ಖರ್ಚು ಇಳಿದದ್ದನ್ನು ಕಂಡು ಬೇಕೆಂದರು. ಮುಂದೆ ಗುಲಾಬಿ ಕಾಯಿಕೊರಕ ಆ ವಿಷಾಂಶಕ್ಕೇ ಒಗ್ಗಿಕೊಂಡು ತಿರುಗಿ ಬಂದಾಗ ತಲೆಗೆ ಕೈಹೊತ್ತರು. ಆಗ ಹತ್ತಿ ಪೇಟೆಯಲ್ಲಿ ಬೇರೆ ಬೀಜ ಸಿಗುವುದೇ ಕಷ್ಟವಾಗಿತ್ತು.

ಬದನೆಯ ಸರದಿ ಬಂದದ್ದು 2009ರ ಅಕ್ಟೋಬರ್ 14ರಂದು. ಅನುಮೋದನಾ ಸಮಿತಿ ಬಿ.ಟಿ. ಬದನೆಗೆ ಹಸಿರು ನಿಶಾನೆ ತೋರಿಸಿತು. ಹತ್ತಿಯನ್ನು ಉಡುತ್ತೇವೆ, ಬದನೆಯನ್ನು ತಿನ್ನುತ್ತೇವೆ. ದೇಶದಲ್ಲಿ ಗದ್ದಲವೆದ್ದಿತು. ಆಗಿನ ಪರಿಸರ ಸಚಿವ ಜೈರಾಂ ರಮೇಶ್ ಎರಡು ಕೆಲಸ ಮಾಡಿದರು. 2010ರ ಜನವರಿಯಿಂದ ಏಳು ನಗರಗಳಲ್ಲಿ ಬಹಿರಂಗ ಸಭೆ ನಡೆಸಿದರು. ಕೊನೆಯದು ಫೆಬ್ರವರಿ 6ರಂದು ಬೆಂಗಳೂರಿನಲ್ಲಿ. ಜೊತೆಗೆ ರಾಜ್ಯಗಳ ಮುಖ್ಯಮಂತ್ರಿಗಳ ಅಭಿಪ್ರಾಯ ಕೇಳಿದರು. ಎಲ್ಲರ ಮಾತು ಕೇಳಿ, ಎಲ್ಲ ಕೋನದಿಂದ ಪರಿಶೀಲಿಸುವವರೆಗೆ ಬಿಡುಗಡೆ ಮುಂದೂಡಬೇಕು ಎಂಬ ಅರ್ಥದ ಉತ್ತರ ಆಗಿನ ನಮ್ಮ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರಿಂದ ಹೋಯಿತು. ಕೇರಳ, ಆಂಧ್ರ, ಬಿಹಾರ, ಒಡಿಶಾ, ಪಶ್ಚಿಮ ಬಂಗಾಳಗಳೂ ಹಿಂಜರಿದವು. ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಅವು. ಈ ಒಂದು ವಿಚಾರದಲ್ಲಿ ದನಿ ಹತ್ತಿರ ಬಂತು. ಫೆಬ್ರವರಿ 9ರಂದು ಸಚಿವರು ಬಿ.ಟಿ. ಬದನೆಯನ್ನು ತಡೆಹಿಡಿದರು. ಆ ತಡೆ ಇಂದಿಗೂ ತೆರವಾಗಿಲ್ಲ.

ಆ ಟಿಪ್ಪಣಿ ಓದುವಾಗ ಖುಷಿಯಾಗುತ್ತದೆ. ಒಬ್ಬ ಕೇಂದ್ರ ಸಚಿವರು ಪರ-ವಿರೋಧದ ಪತ್ರಗಳನ್ನೆಲ್ಲ ಜೋಡಿಸಿ, ಇದಕ್ಕಾಗಿ ಹೀಗೆ ತೀರ್ಮಾನಿಸಿದೆ ಎಂದು ಕಾರಣ ಕೊಟ್ಟು ಬರೆಯುವುದು ನಮ್ಮಲ್ಲಿ ಅಪರೂಪ. ಆದರೆ ಎರಡನೇ ಸಲ ಓದಿದಾಗ ನನಗೆ ಭಯವಾಯಿತು. ರಾಜ್ಯಗಳನ್ನು ಕೇಳಲೇಬೇಕೆಂಬ ಕಟ್ಟುಪಾಡು ಆ ನಿಯಮಗಳಲ್ಲಿ ಇರಲಿಲ್ಲ. ಕೇಳಿದ್ದು ಸಚಿವರ ಮನಸ್ಸು. ಅವರ ಜಾಗದಲ್ಲಿ ಇನ್ನೊಬ್ಬರಿದ್ದು ಸಮಿತಿಯ ಶಿಫಾರಸಿಗೆ ಸಹಿ ಹಾಕಿದ್ದರೂ ಅದು ಅಷ್ಟೇ ಕಾನೂನುಬದ್ಧ. ಒಳ್ಳೆಯ ಮನಸ್ಸಿನ ಮೇಲೆ ನಿಂತ ಪ್ರಜಾಪ್ರಭುತ್ವ ಆ ಮನಸ್ಸು ವರ್ಗವಾಗಿ ಹೋಗುವವರೆಗೆ ಮಾತ್ರ ಉಳಿಯುತ್ತದೆ.

ಎರಡು ಸಣ್ಣ ಬದಲಾವಣೆ ಮಾತ್ರ ಆದವು. 2010ರಲ್ಲಿ ಸಮಿತಿಯ ಹೆಸರಿನಲ್ಲಿದ್ದ 'ಅನುಮೋದನೆ' ಹೋಗಿ 'ಮೌಲ್ಯಮಾಪನ' ಬಂತು. 2011ರಿಂದ ಕ್ಷೇತ್ರ ಪ್ರಯೋಗಕ್ಕೆ ಆಯಾ ರಾಜ್ಯದ ನಿರಾಕ್ಷೇಪಣಾ ಪತ್ರ ಬೇಕೆಂದಾಯಿತು. ಎರಡನೆಯದು ದೊಡ್ಡ ಮಾತು. ರಾಜ್ಯಗಳ ಕೈಗೆ ಬೇಡವೆನ್ನುವ ಶಕ್ತಿ ಬಂದದ್ದು ಆಗಲೇ. ಆದರೆ ಅದು ಕಾಯ್ದೆಯ ಮೂಲಕ ಬಂದ ಹಕ್ಕಲ್ಲ, ಸಮಿತಿ ತಾನಾಗಿ ತಂದ ಪದ್ಧತಿ. ತಂದವರು ತೆಗೆಯಲೂಬಹುದು.

'ಕೇಂದ್ರದಲ್ಲಿ ತಜ್ಞರಿದ್ದಾರೆ, ಅವರೇ ತೀರ್ಮಾನಿಸಲಿ, ಊರಿನವರಿಗೆ ಏನು ಗೊತ್ತು' ಎಂಬ ವಾದವನ್ನು ನಾನು ಸೆಮಿನಾರುಗಳಲ್ಲಿ ಬಹಳ ಸಲ ಕೇಳಿದ್ದೇನೆ. ಆ ವಾದಕ್ಕೆ ಉತ್ತರ ಹುಡುಕಲು ದರ್ಬೆಯಿಂದ ಬಹಳ ದೂರ ಹೋಗಬೇಕಿಲ್ಲ. ಆಗ ಪುತ್ತೂರು ತಾಲೂಕಿನಲ್ಲಿದ್ದು ಈಗ ಕಡಬಕ್ಕೆ ಸೇರಿದ ಕೊಯಿಲದವರೆಗೆ, ಅಲ್ಲಿಂದ ಬೆಳ್ತಂಗಡಿಯ ಕೊಕ್ಕಡದವರೆಗೆ ಹೋದರೆ ಸಾಕು. ಅಲ್ಲಿ ಎಂಡೋಸಲ್ಫಾನ್ ಸಂತ್ರಸ್ತರ ಪಾಲನಾ ಕೇಂದ್ರಗಳಿವೆ.

ಗೇರು ನಮ್ಮ ನೆಲದ ಮರವಲ್ಲ. ಪೋರ್ಚುಗೀಸರು ಬ್ರೆಜಿಲಿನಿಂದ ತಂದದ್ದು. ಇವತ್ತು ದೇಶದ ಗೇರು ಸಂಶೋಧನಾ ನಿರ್ದೇಶನಾಲಯ ಇರುವುದೇ ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ. ಅದರ ವಿಳಾಸದಲ್ಲಿ ದರ್ಬೆ ಅಂಚೆ ಎಂದೇ ಇದೆ. ಆದ್ದರಿಂದ ಹೊರಗಿನ ಬೆಳೆ ಎಂಬ ಕಾರಣಕ್ಕೆ ಯಾವುದನ್ನೂ ಬೇಡವೆನ್ನುವ ಬಾಯಿ ನಮಗಿಲ್ಲ. ಕಷ್ಟ ಬಂದದ್ದು ಗೇರಿನಿಂದಲ್ಲ. ಗೇರಿನ ಚಿಗುರು ಹೀರುವ ಟೀ ಸೊಳ್ಳೆಯನ್ನು ಕೊಲ್ಲಲು ಕಾಸರಗೋಡಿನಲ್ಲಿ ಕೇರಳದ ತೋಟ ನಿಗಮ, ದಕ್ಷಿಣ ಕನ್ನಡದಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದವು. 2000ದ ಹೊತ್ತಿಗೆ ನಿಲ್ಲುವವರೆಗೆ ಸುಮಾರು ಎರಡು ದಶಕ ಇದು ನಡೆಯಿತು. ತೋಟದ ಕೆಳಗೆ ಮನೆಗಳಿದ್ದವು, ಬಾವಿಗಳಿದ್ದವು, ತೋಡುಗಳಿದ್ದವು. ಕಾಸರಗೋಡಿನ ಪಡ್ರೆ ಗ್ರಾಮದಲ್ಲಿ ವೈದ್ಯರಾದ ಡಾ. ವೈ.ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ ಮೊದಲಾದವರು ಊರಿನಲ್ಲಿ ಕಂಡ ಕಾಯಿಲೆಗಳನ್ನು ಬರೆದಿಟ್ಟು, ಸುದ್ದಿ ಮಾಡಿದರು. ಈ ಔಷಧಿ ಕೇಂದ್ರದ ನೋಂದಣಿ ಪಡೆದದ್ದೇ ಆಗಿತ್ತು. ಪುಸ್ತಕದ ಪ್ರಕಾರ ಎಲ್ಲ ಸರಿಯಿತ್ತು.

ಆಮೇಲೆ ನಡೆದದ್ದನ್ನು ಗಮನಿಸಿ. 1968ರ ಕೀಟನಾಶಕ ಕಾಯ್ದೆಯ 27ನೇ ಕಲಮಿನ ಪ್ರಕಾರ ರಾಜ್ಯ ಸರ್ಕಾರ ಒಂದು ಕೀಟನಾಶಕವನ್ನು ತಡೆಯಬಹುದಾದದ್ದು 60 ದಿನ. ತನಿಖೆ ಮುಗಿಯದಿದ್ದರೆ ಇನ್ನು 30 ದಿನ. ಪೂರ್ತಿ ನಿಷೇಧದ ಅಧಿಕಾರ ಕೇಂದ್ರಕ್ಕೆ. 2011ರ ಫೆಬ್ರವರಿಯಲ್ಲಿ ಕರ್ನಾಟಕ ಎಂಡೋಸಲ್ಫಾನನ್ನು ನಿಷೇಧಿಸಿದಾಗಲೂ ಆದೇಶದಲ್ಲಿದ್ದದ್ದು ಅದೇ 60 ದಿನ. ಅದೇ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಜಗತ್ತಿನ ರಾಷ್ಟ್ರಗಳು ಸೇರಿ ಈ ವಿಷವನ್ನು ಸ್ಟಾಕ್‌ಹೋಮ್ ಒಡಂಬಡಿಕೆಯ ಪಟ್ಟಿಗೆ ಸೇರಿಸಿದವು. ಮೊದಲು ವಿರೋಧಿಸುತ್ತಿದ್ದ ಭಾರತ ವಿನಾಯಿತಿಗಳೊಂದಿಗೆ ಒಪ್ಪಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಕೊಟ್ಟಿತು. ಊರಿನಲ್ಲಿ ಹತ್ತಾರು ವರ್ಷ ಕಣ್ಣಿಗೆ ಕಂಡ ಸಂಗತಿಗೆ ರಾಜ್ಯದ ಕಾನೂನು ಕೊಟ್ಟ ಅವಕಾಶ ಎರಡು ತಿಂಗಳು.

ಕುಲಾಂತರಿ ಬೀಜವೂ ಎಂಡೋಸಲ್ಫಾನೂ ಒಂದೇ ಎಂದು ನಾನು ಹೇಳುತ್ತಿಲ್ಲ. ಒಂದು ನರಮಂಡಲಕ್ಕೆ ತಾಗುವ ವಿಷ. ಇನ್ನೊಂದು ಅಂಥ ವಿಷ ಹೊಡೆಯುವುದನ್ನು ಕಡಿಮೆ ಮಾಡಲು ಹುಟ್ಟಿದ ತಂತ್ರ. ಬಾಂಗ್ಲಾದೇಶ 2013ರಲ್ಲಿ ಇದೇ ಬಿ.ಟಿ. ಬದನೆಗೆ ಒಪ್ಪಿಗೆ ಕೊಟ್ಟಿತು. ಅಲ್ಲಿನ ರೈತರ ಔಷಧಿ ಸಿಂಪಡಣೆ ಇಳಿದಿದೆ ಎಂದು ಅಧ್ಯಯನಗಳು ಹೇಳುತ್ತವೆ. ಹೋಲಿಕೆ ಇರುವುದು ವಸ್ತುವಿನಲ್ಲಲ್ಲ, ತೀರ್ಮಾನಿಸುವ ರೀತಿಯಲ್ಲಿ. ಎರಡರಲ್ಲೂ ದೂರದ ಒಂದು ಸಮಿತಿ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಎಂದು ಭಾವಿಸಿತು. 'ಇದು ಸುರಕ್ಷಿತವೇ?' ಎಂಬುದು ಒಂದು ಪ್ರಶ್ನೆ. 'ಇದು ನಮಗೆ ಬೇಕೇ?' ಎಂಬುದು ಇನ್ನೊಂದು.

ಈ ಎರಡನ್ನು ಬಿಡಿಸಿ ನೋಡಿದ್ದು ಯುರೋಪು. ಅಲ್ಲಿ ಕುಲಾಂತರಿ ಬೆಳೆಯ ಸುರಕ್ಷತೆಯನ್ನು ಇಡೀ ಒಕ್ಕೂಟಕ್ಕೆ ಒಂದೇ ಸಂಸ್ಥೆ ಪರಿಶೀಲಿಸುತ್ತದೆ. ಮೊದಲು ಒಮ್ಮೆ ಒಪ್ಪಿಗೆಯಾದರೆ ಸದಸ್ಯ ರಾಷ್ಟ್ರಗಳು ಬೇಡವೆನ್ನುವುದು ಕಷ್ಟವಿತ್ತು. ಹೊಸ ವೈಜ್ಞಾನಿಕ ಪುರಾವೆ ತೋರಿಸಬೇಕಿತ್ತು. ವರ್ಷಗಟ್ಟಲೆ ಕಿತ್ತಾಡಿ 2015ರ ಮಾರ್ಚ್‌ನಲ್ಲಿ ಹೊಸ ನಿರ್ದೇಶನ ತಂದರು. ಸುರಕ್ಷತೆಯ ತೀರ್ಮಾನ ಒಕ್ಕೂಟದ್ದೇ. ಆದರೆ ನಮ್ಮ ನೆಲದಲ್ಲಿ ಬೆಳೆಯಬೇಕೋ ಬೇಡವೋ ಎಂಬುದನ್ನು ಭೂಬಳಕೆ, ಕೃಷಿ ನೀತಿ, ಸಾಮಾಜಿಕ-ಆರ್ಥಿಕ ಪರಿಣಾಮದಂಥ ಕಾರಣ ಕೊಟ್ಟು ಆಯಾ ರಾಷ್ಟ್ರವೇ ತೀರ್ಮಾನಿಸಬಹುದು. ಅದೇ ವರ್ಷದ ಅಕ್ಟೋಬರ್ ಹೊತ್ತಿಗೆ 17 ರಾಷ್ಟ್ರಗಳು ಬೇಡವೆಂದವು. ಅವುಗಳ ಜೊತೆಗೆ ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್, ಬೆಲ್ಜಿಯಮ್ಮಿನ ವಲೋನಿಯ ಎಂಬ ನಾಲ್ಕು ಪ್ರಾಂತ್ಯಗಳೂ ಬೇಡವೆಂದವು. ಸ್ಪೇನ್ ಕುಲಾಂತರಿ ಮೆಕ್ಕೆಜೋಳ ಬೆಳೆಯುವುದನ್ನು ಮುಂದುವರಿಸಿತು. ಯಾರೂ ಇನ್ನೊಬ್ಬರ ಮೇಲೆ ತಮ್ಮ ತೀರ್ಮಾನ ಹೇರಲಿಲ್ಲ. ಬೆಳೆಯುವುದಿಲ್ಲ ಎಂದವರೇ ದನಕ್ಕೆ ಕುಲಾಂತರಿ ಸೋಯಾ ಆಮದು ಮಾಡಿಕೊಂಡರು ಎಂಬ ಕೊಂಕು ನುಡಿಯಲ್ಲೂ ಸತ್ಯವಿದೆ. ಆದರೂ ಪ್ರಶ್ನೆ ಎರಡೆಂಬುದನ್ನು ಕಾನೂನು ಒಪ್ಪಿತಲ್ಲ, ಅದು ಮುಖ್ಯ.

ರಾಷ್ಟ್ರ ಸರ್ಕಾರಗಳಿಗೆ ತೀರ್ಮಾನದ ಹಕ್ಕು ಕೊಡುವುದೆಂದರೆ ಯುರೋಪಿನಲ್ಲಿ ಅಧಿಕಾರ ಒಂದು ಮೆಟ್ಟಿಲು ಕೆಳಗಿಳಿದ ಹಾಗೆ. ಅದೇ ಮಾತನ್ನು ಭಾರತದಲ್ಲಿ ಹೇಳಿದರೆ ಅಧಿಕಾರ ಮೇಲೆಯೇ ಉಳಿದ ಹಾಗೆ. ಭಾಷೆ, ಮಣ್ಣು, ಮಳೆ, ಅಡುಗೆ ಎಲ್ಲದರಲ್ಲೂ ನಮ್ಮ ಒಂದೊಂದು ರಾಜ್ಯ ಅಲ್ಲಿನ ಒಂದೊಂದು ದೇಶದಷ್ಟು ಬೇರೆ. ಆದ್ದರಿಂದ ಯುರೋಪಿನ ಪಾಠವನ್ನು ಇಲ್ಲಿಗೆ ತರುವುದಾದರೆ ಸುರಕ್ಷತೆಯ ಪರೀಕ್ಷೆ ಕೇಂದ್ರದಲ್ಲಿರಲಿ, ಬೆಳೆಯುವ ತೀರ್ಮಾನ ರಾಜ್ಯದ್ದಾಗಲಿ ಎನ್ನಬೇಕಾಗುತ್ತದೆ. 14ನೇ ನಮೂದೂ 29ನೇ ನಮೂದೂ ಒಟ್ಟಿಗೆ ಹೇಳುವುದು ಇದನ್ನೇ ಎಂದು ನನ್ನ ಓದು.

ಇದಕ್ಕೆ ಆಕ್ಷೇಪಗಳಿವೆ, ಹಗುರವಾದವಲ್ಲ. ಬೀಜಕ್ಕೆ ಚೆಕ್‌ಪೋಸ್ಟ್ ಗೊತ್ತಿಲ್ಲ. 2019ರಲ್ಲಿ ಹರಿಯಾಣದ ಹೊಲವೊಂದರಲ್ಲಿ ಅನುಮತಿಯಿಲ್ಲದ ಬಿ.ಟಿ. ಬದನೆ ಸಿಕ್ಕಿತು. ಆದರೆ ಇದು ಕೇಂದ್ರದ ತಡೆ ಇದ್ದಾಗಲೇ ಆದದ್ದು. ಗಡಿ ದಾಟುವ ಬೀಜಕ್ಕೆ ಕಾವಲು ಬೇಕು ಎಂಬುದಕ್ಕೆ ಇದು ಸಾಕ್ಷಿಯೇ ಹೊರತು ತೀರ್ಮಾನ ಮೇಲಿರಬೇಕು ಎಂಬುದಕ್ಕಲ್ಲ. ಎರಡನೆಯದು ಬೇಕೆನ್ನುವ ರೈತರ ಮಾತು. 2019ರ ಜೂನ್‌ನಲ್ಲಿ ಮಹಾರಾಷ್ಟ್ರದ ಅಕೋಲಾದಲ್ಲಿ ಶೇತ್ಕರಿ ಸಂಘಟನೆಯವರು ನಿಷೇಧಿತ ಹತ್ತಿ ಬೀಜವನ್ನು ಎಲ್ಲರ ಎದುರೇ ಬಿತ್ತಿ, ಇದು ನಮ್ಮ ಸತ್ಯಾಗ್ರಹ ಎಂದರು. ರಾಜ್ಯಕ್ಕೆ ಹಕ್ಕು ಕೊಟ್ಟರೆ ಮಹಾರಾಷ್ಟ್ರ ಬೇಕೆನ್ನಬಹುದು, ಕೇರಳ ಬೇಡವೆನ್ನಬಹುದು. ಅನ್ನಲಿ. ಮೂರನೆಯದು ರಾಜ್ಯ ಸರ್ಕಾರಗಳೇನು ಸಾಚಾವೇ ಎಂಬ ಪ್ರಶ್ನೆ. ಖಂಡಿತ ಅಲ್ಲ. ನಮ್ಮ ಗೇರು ತೋಟಗಳ ಮೇಲೆ ವಿಷ ಸುರಿಸಿದ್ದು ರಾಜ್ಯದ್ದೇ ನಿಗಮ. ಧಾರವಾಡದ ವಿಶ್ವವಿದ್ಯಾನಿಲಯವೂ ರಾಜ್ಯದ್ದೇ. ಅದಕ್ಕಾಗಿಯೇ ಹಕ್ಕು ಬೆಂಗಳೂರಿಗೆ ಬಂದು ನಿಲ್ಲಬಾರದು. ರಾಜ್ಯ ತೀರ್ಮಾನಿಸುವ ಮೊದಲು ಊರಿನ ಸಮಿತಿಯನ್ನು ಕೇಳಬೇಕು, ಪ್ರಯೋಗದ ಜಾಗ ಮೊದಲೇ ತಿಳಿಸಬೇಕು, ಬೇಕಾದರೂ ಬೇಡವಾದರೂ ಕಾರಣ ಬರೆದು ಕೊಡಬೇಕು. 2010ರ ಸಚಿವರು ಮನಸ್ಸಿನಿಂದ ಮಾಡಿದ್ದನ್ನು ಇನ್ನು ಕಾನೂನು ಮಾಡಿಸಬೇಕು.

ಇದು ಮುಗಿದ ಇತಿಹಾಸವಲ್ಲ. 2022ರ ಅಕ್ಟೋಬರಿನಲ್ಲಿ ಕುಲಾಂತರಿ ಸಾಸಿವೆಗೆ ಒಪ್ಪಿಗೆಯಾಯಿತು. 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಆ ಒಪ್ಪಿಗೆಯ ಬಗ್ಗೆ ಒಮ್ಮತ ಬರಲಿಲ್ಲ. ನಮ್ಮ ರಾಜ್ಯದವರೇ ಆದ ನ್ಯಾ. ಬಿ.ವಿ. ನಾಗರತ್ನ ಒಪ್ಪಿಗೆ ಕೊಟ್ಟ ಕ್ರಮ ಸರಿಯಿಲ್ಲವೆಂದರು, ನ್ಯಾ. ಸಂಜಯ್ ಕರೋಲ್ ಸರಿಯಿದೆ ಎಂದರು. ಆದರೆ ರಾಜ್ಯಗಳನ್ನೂ ರೈತರನ್ನೂ ಕೇಳಿ ಕುಲಾಂತರಿ ಬೆಳೆಗೊಂದು ರಾಷ್ಟ್ರೀಯ ನೀತಿ ಮಾಡಿ ಎಂಬುದರಲ್ಲಿ ಇಬ್ಬರೂ ಒಂದಾದರು. ಇನ್ನೊಂದು ಕಡೆ, ಹೊರಗಿನ ಜೀನು ಸೇರಿಸದೆ ಗಿಡದ್ದೇ ಜೀನನ್ನು ತಿದ್ದುವ ಕೆಲವು ವಿಧಾನಗಳಿಗೆ ಕೇಂದ್ರ 2022ರ ಮಾರ್ಚ್‌ನಲ್ಲೇ 1989ರ ನಿಯಮಗಳ ಮುಖ್ಯ ಭಾಗಗಳಿಂದ ವಿನಾಯಿತಿ ಕೊಟ್ಟಿತ್ತು. 2025ರ ಮೇ ತಿಂಗಳಲ್ಲಿ ಹಾಗೆ ತಿದ್ದಿದ ಎರಡು ಭತ್ತದ ತಳಿಗಳನ್ನು ಪ್ರಕಟಿಸಿತು. ಒಂದು ಸಾಂಬಾ ಮಸೂರಿಯಿಂದ ಬಂದದ್ದು, ನಮ್ಮ ಎಷ್ಟೋ ಮನೆಗಳ ಅನ್ನ. ಆ ತಳಿ ಚೆನ್ನಾಗಿಯೇ ಇರಬಹುದು. ಆದರೆ ಅದರ ದಾರಿಯಲ್ಲಿ ರಾಜ್ಯವನ್ನು ಕೇಳುವ ಬಾಗಿಲೇ ಇರಲಿಲ್ಲ.

ಮೊನ್ನೆ ಮತ್ತೆ ಗುಳ್ಳ ತಂದೆ. ಅಮ್ಮ ಹೆಚ್ಚುವ ಮೊದಲು ಚೀಟಿ ಕಿತ್ತು ಬಿಸಾಡಿದರು. "ಊರಿನ ಹೆಸರನ್ನು ಹುಳಿಗೆ ಹಾಕುವುದಾ?" ಎಂದು ನಕ್ಕರು. ಆ ಕಾಯಿಯ ಹೆಸರಿನ ಮೇಲೆ ಮಟ್ಟುವಿಗೆ ಹಕ್ಕಿದೆ ಎಂದು ಕಾನೂನು 2011ರಲ್ಲೇ ಒಪ್ಪಿದೆ. ಅದರ ಬೀಜದ ಬಗ್ಗೆ ಬೇಕು, ಬೇಡ ಎನ್ನುವ ಹಕ್ಕಿದೆ ಎಂದು ಇನ್ನೂ ಒಪ್ಪಿಲ್ಲ.